ಬೆರಳುಗಳಿಂದ ಸಂಸಾರ ಸಾಗಿಸಿದ ಕ್ಲಾರಾ ಶೂಮನ್

ಯೂರೋ ಹಣವು 2002ರಲ್ಲಿ ಕೈಗೆ ಬರುವವರೆಗೆ ಜರ್ಮನಿಯಲ್ಲಿ ಚಲಾವಣೆಯಲ್ಲಿದ್ದ 100 ಮಾರ್ಕಿನ ನೋಟಿನ ಮೇಲೆ ಒಬ್ಬ ಸ್ತ್ರೀಯ ಮುಖವಿತ್ತು. ಹಿಂಬದಿಯಲ್ಲಿ ಒಂದು ಪಿಯಾನೊ. ಆಕೆ ರಾಣಿಯಲ್ಲ, ರಾಜಕಾರಣಿಯೂ ಅಲ್ಲ. ಹಿಂದೀ ಚಿತ್ರಗಳಲ್ಲಿ ನಾಯಕನು ಮುಂದೆ ಕುಳಿತು ವಿರಹಗೀತೆಯನ್ನು ಹಾಡುವುದನ್ನು ವಾಚಕರು ಕಂಡಿರುವರಷ್ಟೆ, ಆ ದೊಡ್ಡ ವಾದ್ಯವನ್ನು ದೇಶದೇಶಗಳಲ್ಲಿ ನುಡಿಸಿ, ಬಂದ ಸಂಭಾವನೆಯಿಂದ ಏಳು ಮಕ್ಕಳನ್ನು ಸಾಕಿದ ವಿಧವೆ ಆಕೆ. ಹೆಸರು ಕ್ಲಾರಾ ಶೂಮನ್.

ಕ್ಲಾರಾ 1819ರ ಸೆಪ್ಟೆಂಬರ್ 13ರಂದು ಲೈಪ್‌ಜಿಗ್ ಪಟ್ಟಣದಲ್ಲಿ ಜನಿಸಿದಳು. ತಂದೆ ಫ್ರೀಡ್ರಿಕ್ ವೀಕ್ ಪಿಯಾನೊ ಶಿಕ್ಷಕ, ಪಿಯಾನೊಗಳ ವ್ಯಾಪಾರಿ. ಮಗುವಿಗೆ ಐದು ವರ್ಷ ತುಂಬುವ ಹೊತ್ತಿಗೆ ತಾಯಿ ಮನೆ ಬಿಟ್ಟುಹೋದಳು. ಬಳಿಕ ವಿವಾಹವಿಚ್ಛೇದನವೂ ಆಯಿತು. ಮಗಳನ್ನು ಜಗತ್ಪ್ರಸಿದ್ಧ ವಾದಕಿಯನ್ನಾಗಿ ಮಾಡಲೇಬೇಕೆಂದು ಪಣತೊಟ್ಟ ತಂದೆಯು ಅವಳ ದಿನಚರಿಯನ್ನು ಸಹ ತಾನೇ ಬರೆಯುತ್ತಿದ್ದನು. ಒಂಬತ್ತನೆಯ ವಯಸ್ಸಿನಲ್ಲಿ ಬಾಲಿಕೆಯು ಲೈಪ್‌ಜಿಗ್ಗಿನ ಗೆವಾಂಡ್‌ಹೌಸ್ ಸಭಾಂಗಣದಲ್ಲಿ ವೇದಿಕೆಯೇರಿದಳು. ಹದಿನಾರರಲ್ಲಿ ತಾನೇ ರಚಿಸಿದ ಕನ್ಸರ್ಟೊವನ್ನು ಮೆಂಡೆಲ್ಸನ್ನನ ನಿರ್ದೇಶನದಲ್ಲಿ ನುಡಿಸಿದಳು. ಹದಿನೆಂಟರಲ್ಲಿ ವಿಯೆನ್ನಾದ ಚಕ್ರವರ್ತಿಯಿಂದ ಆಸ್ಥಾನ ವಾದಕಿಯ ಬಿರುದು ದೊರೆಯಿತು. ಸಂಪಾದನೆ ಮಾತ್ರ ತಂದೆಯ ಕೈಯಲ್ಲೇ ಇತ್ತು.

ತಂದೆಯ ಬಳಿ ಪಾಠಕ್ಕೆಂದು ಬಂದು ಮನೆಯಲ್ಲಿಯೇ ತಂಗಿದ್ದ ರಾಬರ್ಟ್ ಶೂಮನ್ ಎಂಬ ತರುಣನನ್ನು ಆಕೆ ಪ್ರೀತಿಸಿದಳು. ಬೆರಳಿನ ದೋಷದಿಂದ ವಾದಕನಾಗುವ ಆಸೆಯನ್ನು ತೊರೆದು ಸಂಗೀತ ರಚನೆಯನ್ನು ಕೈಗೊಂಡವನು ಅವನು. ತಂದೆಯು ಒಪ್ಪದೆ, ಅವನನ್ನು ಕುಡುಕನೆಂದು ದೂರಿದನು. ಮಗಳು ತಂದೆಯ ವಿರುದ್ಧ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ಇಪ್ಪತ್ತೊಂದು ತುಂಬುವ ಹಿಂದಿನ ದಿನ, 1840ರ ಸೆಪ್ಟೆಂಬರ್ 12ರಂದು ಮದುವೆ ನಡೆಯಿತು.

ಹದಿಮೂರು ವರ್ಷಗಳಲ್ಲಿ ಎಂಟು ಮಕ್ಕಳು ಹುಟ್ಟಿದವು. ಅವುಗಳಲ್ಲಿ ಒಂದು ಶೈಶವದಲ್ಲೇ ತೀರಿಕೊಂಡಿತು. ಪತಿಯು ರಚನೆಯಲ್ಲಿ ಮಗ್ನನಾಗಿದ್ದಾಗ ಆಕೆ ಪಿಯಾನೊ ಮುಟ್ಟುವಂತಿರಲಿಲ್ಲ, ಸದ್ದು ಅವನಿಗೆ ಅಡ್ಡಿಯಾಗುತ್ತಿತ್ತು. ಆದರೂ 1844ರಲ್ಲಿ ರಷ್ಯಾದವರೆಗೆ ಪ್ರವಾಸ ಮಾಡಿ ಗಳಿಸಿದವಳು ಆಕೆಯೇ. 1849ರ ಮೇ ತಿಂಗಳಲ್ಲಿ ಡ್ರೆಸ್ಡನ್ ನಗರದಲ್ಲಿ ದಂಗೆಯೆದ್ದಾಗ ದಂಪತಿಗಳು ಹಿರಿಯ ಮಗಳೊಡನೆ ಊರ ಹೊರಗೆ ಪಾರಾದರು. ಏಳು ತಿಂಗಳ ಗರ್ಭಿಣಿಯಾಗಿದ್ದ ಕ್ಲಾರಾ ಇರುಳಿನಲ್ಲಿ ಹೊಲಗಳನ್ನು ದಾಟಿ ಹಿಂತಿರುಗಿ, ಮನೆಯಲ್ಲಿ ಉಳಿದಿದ್ದ ಮಕ್ಕಳನ್ನು ಕರೆತಂದಳು.

1854ರ ಫೆಬ್ರವರಿಯಲ್ಲಿ ಬುದ್ಧಿಭ್ರಮೆಗೊಳಗಾದ ರಾಬರ್ಟ್ ರೈನ್ ನದಿಗೆ ಹಾರಿದನು. ದೋಣಿಯವರು ಬದುಕಿಸಿದರು, ಬಾನ್ ಪಟ್ಟಣದ ಬಳಿಯ ಮಾನಸಿಕ ಚಿಕಿತ್ಸಾಲಯಕ್ಕೆ ಸೇರಿಸಲಾಯಿತು. ಕ್ಲಾರಾ ಆಗ ಮತ್ತೆ ಗರ್ಭಿಣಿ. ಪತಿಯನ್ನು ನೋಡಲು ವೈದ್ಯರು ಎರಡು ವರ್ಷಕ್ಕೂ ಮಿಕ್ಕು ಅವಕಾಶ ಕೊಡಲಿಲ್ಲ. ಗೆಳೆಯರು ಸಹಾಯಾರ್ಥ ಕಚೇರಿಯನ್ನು ಏರ್ಪಡಿಸುವೆವೆಂದರೆ ಆಕೆ ಒಪ್ಪಲಿಲ್ಲ. ಚಿಕಿತ್ಸೆಯ ವೆಚ್ಚ, ಮನೆಯ ಬಾಡಿಗೆ, ಮಕ್ಕಳ ಶಾಲೆ ಎಲ್ಲವನ್ನೂ ತನ್ನ ದುಡಿಮೆಯಿಂದಲೇ ಭರಿಸುವೆನೆಂದು ಹೊರಟಳು. ಇಪ್ಪತ್ತೊಂದರ ತರುಣ ಬ್ರಾಮ್ಸ್, ಮುಂದೆ ಮಹಾಸಂಗೀತಕಾರನೆನಿಸಿದವನು, ಮಕ್ಕಳನ್ನು ನೋಡಿಕೊಂಡು ಮನೆಯ ಖರ್ಚಿನ ಲೆಕ್ಕ ಬರೆದನು.

1856ರ ಜುಲೈ 27ರಂದು ಕ್ಲಾರಾ ಪತಿಯನ್ನು ಕಂಡಳು. ಅವನಿಗೆ ಅನ್ನ ಸೇರುತ್ತಿರಲಿಲ್ಲ. ಆಕೆಯ ಬೆರಳಿನಿಂದ ಕೊಂಚ ದ್ರಾಕ್ಷಾರಸವನ್ನು ನೆಕ್ಕಿದನು. ಎರಡು ದಿನಗಳ ಬಳಿಕ, ಮಿತ್ರನೊಬ್ಬನನ್ನು ಎದುರುಗೊಳ್ಳಲು ಆಕೆ ರೈಲುನಿಲ್ದಾಣಕ್ಕೆ ಹೋಗಿದ್ದ ಹೊತ್ತಿನಲ್ಲಿ, ಅವನು ಒಂಟಿಯಾಗಿ ಪ್ರಾಣಬಿಟ್ಟನು.

ಮುಂದಿನ ಮೂವತ್ತು ವರ್ಷಗಳು ರೈಲು, ವಸತಿಗೃಹ, ವೇದಿಕೆ. ಚಳಿಗಾಲವೆಲ್ಲ ಪ್ರವಾಸ, ಇಂಗ್ಲೆಂಡಿಗೇ ಹತ್ತಾರು ಬಾರಿ. ಹಿರಿಯ ಹೆಣ್ಣುಮಕ್ಕಳಿಬ್ಬರು ವಸತಿಶಾಲೆಯಲ್ಲಿ, ಮೂರನೆಯವಳು ಬರ್ಲಿನ್ನಿನಲ್ಲಿ ಅಜ್ಜಿಯ ಬಳಿ, ಹುಡುಗರು ಬೇರೆಡೆ. ಅಜ್ಜಿಯೆಂದರೆ ಹಿಂದೆ ಮನೆ ಬಿಟ್ಟುಹೋದ ಅದೇ ತಾಯಿ. ಊರಿಗೆ ಮನಿಯಾರ್ಡರ್ ಕಳಿಸಿ, ಮಕ್ಕಳ ಬೆಳವಣಿಗೆಯನ್ನು ಕಾಗದಗಳಲ್ಲಿ ಓದಿದ ನಮ್ಮವರಿಗೆ ಈ ಬಾಳು ವಿವರಿಸಿ ಹೇಳಬೇಕಾದುದಲ್ಲ. ಮಕ್ಕಳಿಗೆ ತಾಯಿಯ ಹಣವೂ ಪತ್ರಗಳೂ ತಪ್ಪದೆ ತಲುಪಿದವು, ತಾಯಿ ಮಾತ್ರ ಬೇಸಗೆಯಲ್ಲಿ ಸಿಕ್ಕಿದಳು. ಅದನ್ನು ತಪ್ಪೆನ್ನಲು ನನಗಂತೂ ಬಾಯಿ ಬರುವುದಿಲ್ಲ.

ವಿದ್ಯೆಯಲ್ಲಿ ಆಕೆಗೆ ರಾಜಿ ಎಂಬುದಿರಲಿಲ್ಲ. ಬೆರಳಿನ ಚಮತ್ಕಾರವನ್ನೇ ಸಭೆಗಳು ಮೆಚ್ಚುತ್ತಿದ್ದ ಕಾಲದಲ್ಲಿ ಬೀಥೋವನ್, ಬಾಖ್ ಹಾಗೂ ತನ್ನ ಪತಿಯ ಘನವಾದ ಕೃತಿಗಳನ್ನು ನುಡಿಸಿದಳು. ಅದೂ ಹೆಚ್ಚಾಗಿ ಪುಸ್ತಕವಿಲ್ಲದೆ, ಬಾಯಿಪಾಠವಾಗಿ. ಇಂದು ಅದು ಎಲ್ಲರ ಪದ್ಧತಿ. ಅಂದು ಅಹಂಕಾರವೆಂದು ಟೀಕಿಸಿದವರುಂಟು. ಆಕೆಯ ಕಚೇರಿಗಳ ಸುಮಾರು 1,300 ಕಾರ್ಯಕ್ರಮ ಪತ್ರಿಕೆಗಳು ಉಳಿದುಬಂದಿವೆ. ತನ್ನ ಸ್ವಂತ ರಚನೆಯನ್ನು ಮಾತ್ರ ವೈಧವ್ಯದ ನಂತರ ಬಹುತೇಕ ನಿಲ್ಲಿಸಿಬಿಟ್ಟಳು.

ದುಃಖ ಬೆನ್ನು ಬಿಡಲಿಲ್ಲ. ಮಗ ಲುಡ್ವಿಗ್ 1870ರಲ್ಲಿ ಮಾನಸಿಕ ರೋಗಿಯಾಗಿ ಆಸ್ಪತ್ರೆ ಸೇರಿದನು. ಮಗಳು ಜೂಲಿ 1872ರಲ್ಲಿ, ತಂದೆಯ ಮುಖವನ್ನೇ ಕಾಣದ ಕಿರಿಯ ಮಗ ಫೆಲಿಕ್ಸ್ 1879ರಲ್ಲಿ ತೀರಿಕೊಂಡರು. ಯುದ್ಧದಿಂದ ಮರಳಿದ ಫರ್ಡಿನಾಂಡ್ ನೋವಿಗೆಂದು ಕೊಟ್ಟ ಮಾರ್ಫೀನಿನ ವ್ಯಸನಕ್ಕೆ ಬಿದ್ದು 1891ರಲ್ಲಿ ಗತಿಸಿದನು. ಅವನ ಮಕ್ಕಳ ಭಾರವೂ ಎಪ್ಪತ್ತು ದಾಟಿದ ಅಜ್ಜಿಯ ಮೇಲೆ ಬಿತ್ತು. ಕೈನೋವಿನಿಂದ ಬಳಲುತ್ತಲೇ ಆಕೆ 1878ರಿಂದ 1892ರವರೆಗೆ ಫ್ರಾಂಕ್‌ಫರ್ಟಿನ ಹೋಖ್ ಸಂಗೀತಶಾಲೆಯಲ್ಲಿ ಪಾಠ ಹೇಳಿದಳು. ಕಡೆಯ ಕಚೇರಿ 1891ರ ಮಾರ್ಚ್‌ನಲ್ಲಿ ನಡೆಯಿತು.

1896ರ ಮೇ 20ರಂದು ಕ್ಲಾರಾ ತೀರಿಕೊಂಡಳು. ಅದಕ್ಕೆ ಕೆಲವು ದಿನಗಳ ಮುಂಚೆ ತನ್ನಲ್ಲಿಯೇ ಬೆಳೆದ ಮೊಮ್ಮಗನಿಂದ ರಾಬರ್ಟನ ಕೃತಿಯೊಂದನ್ನು ನುಡಿಸಿ ಕೇಳಿದ್ದಳು. ದೇಹವನ್ನು ಬಾನ್ ಪಟ್ಟಣಕ್ಕೆ ಒಯ್ದು ಪತಿಯ ಸಮಾಧಿಯಲ್ಲಿಯೇ ಮಣ್ಣು ಮಾಡಿದರು.