ಸರ್ ಎಂ.ವಿ. ನಮ್ಮಂಥ ಐಟಿಐನವರಿಗೂ ಸೇರಿದವರು

ಸೆಪ್ಟೆಂಬರ್ 15 ಬಂತು ಅಂದ್ರೆ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಪೇಟದ ಫೋಟೋ ಹರಿದಾಡುತ್ತೆ. ಎಂಜಿನಿಯರುಗಳು ಒಬ್ಬರಿಗೊಬ್ಬರು ಶುಭಾಶಯ ಹೇಳ್ಕೋತಾರೆ. ಎಲೆಕ್ಟ್ರಿಷಿಯನ್, ಪ್ಲಂಬರ್, ಕಾರ್ಪೆಂಟರ್ ಆದ ನಾವು ಒಂದು ಕೈಮುಗಿದ ಗುರುತು ಹಾಕಿ ಸುಮ್ಮನಾಗ್ತೀವಿ. ಆದರೆ ಅವರ ಜೀವನ ಓದಿದ ಮೇಲೆ, ಉಳಿ, ಗರಗಸ, ಟೆಸ್ಟರ್ ಹಿಡಿದು ದುಡಿಯುವವರಿಗೂ ಅವರಲ್ಲಿ ದೊಡ್ಡ ಪಾಲಿದೆ ಅಂತ ನನಗನ್ನಿಸಿದೆ. ಎರಡು ಮೇಣದಬತ್ತಿಯ ಕಥೆ ಎಲ್ಲರಿಗೂ ಗೊತ್ತು, ಅದನ್ನು ಇಲ್ಲಿ ಹೇಳೋಲ್ಲ.

ಚಿಕ್ಕಬಳ್ಳಾಪುರದ ಹತ್ತಿರ ಮುದ್ದೇನಹಳ್ಳಿ ಅವರ ಊರು. ಚಿಕ್ಕ ವಯಸ್ಸಿನಲ್ಲೇ ತಂದೆ ತೀರಿಕೊಂಡರು. ಬೆಂಗಳೂರಿನಲ್ಲಿ ಮನೆಪಾಠ ಹೇಳುತ್ತಾ 1881ರಲ್ಲಿ ಬಿ.ಎ. ಮುಗಿಸಿ, ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಪುಣೆಯಲ್ಲಿ ಎಂಜಿನಿಯರಿಂಗ್ ಓದಿ, 1884ರಲ್ಲಿ ಬೊಂಬಾಯಿ ಸರ್ಕಾರದ ಕೆಲಸಕ್ಕೆ ಸೇರಿದರು.

ನಮಗಿಂತ ನೂರು ವರ್ಷ ಮೊದಲೇ ಅವರೂ ಅರಬ್ ನೆಲಕ್ಕೆ ಕೆಲಸಕ್ಕಾಗಿ ಬಂದಿದ್ದರು. ಈಗ ಯೆಮೆನ್‌ನಲ್ಲಿರುವ ಏಡನ್ ಆಗ ಬೊಂಬಾಯಿ ಆಡಳಿತಕ್ಕೆ ಸೇರಿತ್ತು. ಅಲ್ಲಿನ ಕುಡಿಯುವ ನೀರು, ಒಳಚರಂಡಿಗೆ ಯೋಜನೆ ಮಾಡಲು 1906ರಲ್ಲಿ ಅವರನ್ನು ಕಳಿಸಿದರು. ಒಳನಾಡಿನ ಲಹೇಜ್ ಕಡೆ ಹೊಳೆಯ ಮರಳಿನಡಿ ಇಂಗಿದ ನೀರನ್ನು ಬಾವಿಗಳಿಂದ ಪಂಪ್ ಮಾಡಿ ತರುವ ದಾರಿ ತೋರಿಸಿದರು. ಜುಲೈ ತಿಂಗಳ ಬಿಸಿಲಲ್ಲಿ ಇಲ್ಲಿ ಸೈಟಿನಲ್ಲಿ ನಿಂತವರಿಗೆ ಆ ನೀರಿನ ಬೆಲೆ ಬೇರೆ ಯಾರೂ ಹೇಳಬೇಕಿಲ್ಲ.

1909ರಲ್ಲಿ ಮೈಸೂರಿನ ಚೀಫ್ ಎಂಜಿನಿಯರ್, 1912ರಲ್ಲಿ ದಿವಾನರು. ಕನ್ನಂಬಾಡಿ ಕಟ್ಟೆ ಅಂದ್ರೆ ನಾವು ಗದ್ದೆಯ ನೀರು ಅಂತಲೇ ಅಂದುಕೋತೀವಿ. ಶಿವನಸಮುದ್ರದಲ್ಲಿ 1902ರಿಂದ ತಯಾರಾಗುತ್ತಿದ್ದ ಕರೆಂಟು ಬೇಸಿಗೆಯಲ್ಲಿ ಕಾವೇರಿ ಬತ್ತಿದಾಗ ಕಡಿಮೆಯಾಗಬಾರದು ಅನ್ನೋದೂ ಅದನ್ನು ಕಟ್ಟಿದ್ದಕ್ಕೆ ಒಂದು ಕಾರಣ. ನಮ್ಮ ಟ್ರೇಡಿನವರು ನೆನಪಿಡಬೇಕಾದ ವಿಷಯ ಇದು.

1898ರಲ್ಲೇ ಅವರು ಜಪಾನ್ ನೋಡಿ ಬಂದಿದ್ದರು. ಕೈಕಸುಬನ್ನು ಶಾಲೆಯಲ್ಲಿ ಕಲಿಸದೆ ಕೈಗಾರಿಕೆ ಬೆಳೆಯಲ್ಲ ಅನ್ನೋದು ಅವರ ನಂಬಿಕೆಯಾಗಿತ್ತು. 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಶುರುವಾದದ್ದು ಎಲ್ಲರೂ ಹೇಳ್ತಾರೆ. ಮೈಸೂರಿನ ಚಾಮರಾಜೇಂದ್ರ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿನ ಮಾತು ಬರೋದೇ ಕಮ್ಮಿ. ಬಡಗಿ ಕೆಲಸ, ಗಂಧದ ಕೆತ್ತನೆ, ಬೀಟೆ ಮರದಲ್ಲಿ ದಂತ ಕೂರಿಸುವ ಕೆಲಸಗಳನ್ನು ಕಲಿಸುತ್ತಿದ್ದ ಜಾಗ ಅದು.

ಇದು ಯಾಕೆ ಮುಖ್ಯ ಅಂತ ನನ್ನ ರೂಮಿನಲ್ಲೇ ಕಾಣುತ್ತೆ. ಕಾರ್ಕಳ ಕಡೆಯ ಅಣ್ಣ ಒಬ್ಬರಿದ್ದಾರೆ, ಅಪ್ಪನಿಂದ ಕೆಲಸ ಕಲಿತವರು. ಮೊಳೆ ಇಲ್ಲದೆ ಮರಕ್ಕೆ ಮರ ಕೂಡಿಸ್ತಾರೆ. ಅವರು ಕೂರಿಸಿದ ಕಪಾಟಿನ ಬಾಗಿಲಿನ ಸಂದಿಯಲ್ಲಿ ಕಾಗದ ತೂರೋದೂ ಕಷ್ಟ. ಕಳೆದ ವರ್ಷ ಒಂದು ಕಂಪನಿಯವರು ಕೆಲಸ ನೋಡಿ ಮೆಚ್ಚಿ, ಸರ್ಟಿಫಿಕೇಟ್ ಕೇಳಿದರು. ಇಲ್ಲ. ಡ್ರಾಯಿಂಗ್ ಕೊಟ್ಟರು, ಓದೋಕೆ ಬರಲ್ಲ. ಹಾಗಾಗಿ ಇಪ್ಪತ್ತು ವರ್ಷ ಅನುಭವ ಇದ್ದರೂ ವೀಸಾದಲ್ಲಿ ಹೆಲ್ಪರ್, ಸಂಬಳವೂ ಹೆಲ್ಪರ್‌ದೇ. ನನ್ನ ಕೈಯಲ್ಲಿ ಅವರ ಅರ್ಧ ಚಾಕಚಕ್ಯತೆ ಇಲ್ಲ, ಆದರೆ ಐಟಿಐ ಕಾಗದ ಇದೆ.

1918ರಲ್ಲಿ ಸರ್ ಎಂ.ವಿ. ದಿವಾನಗಿರಿ ಬಿಟ್ಟರು. ಹಿಂದುಳಿದವರಿಗೆ ಸರ್ಕಾರಿ ನೌಕರಿಯಲ್ಲಿ ಪಾಲು ಕೊಡುವ ವಿಷಯದಲ್ಲಿ ಮಹಾರಾಜರ ಜೊತೆ ಅವರ ಅಭಿಪ್ರಾಯ ಕೂಡಲಿಲ್ಲ. ಅಲ್ಲಿ ನಾನು ಮಹಾರಾಜರ ಕಡೆ. ಮೂರು ವರ್ಷದ ನಂತರ ಬೊಂಬಾಯಿ ಪ್ರಾಂತ್ಯದ ತಾಂತ್ರಿಕ ಶಿಕ್ಷಣದ ಸಮಿತಿಗೆ ಅಧ್ಯಕ್ಷರಾದರು. 1923ರಿಂದ ಭದ್ರಾವತಿ ಕಬ್ಬಿಣದ ಕಾರ್ಖಾನೆಯನ್ನು ನಷ್ಟದಿಂದ ಎತ್ತಿ ನಿಲ್ಲಿಸಿದರು.

ಭದ್ರಾವತಿಯ ಆ ದುಡಿಮೆಗೆ ಅವರಿಗೆ ಬರಬೇಕಾಗಿದ್ದದ್ದು ಲಕ್ಷಕ್ಕೂ ಮೇಲ್ಪಟ್ಟ ಹಣ. ಆ ಕಾಲದ ಲಕ್ಷ! ಅದನ್ನು ಮನೆಗೆ ಒಯ್ಯದೆ, ಹುಡುಗರಿಗೆ ಕಸುಬು ಕಲಿಸುವ ಒಂದು ಸಂಸ್ಥೆಗೆ ಬಳಸಿ ಅಂದರು. ತಮ್ಮ ಹೆಸರಿಡುವುದಕ್ಕೂ ಒಪ್ಪಲಿಲ್ಲ. ಹಾಗೆ 1943ರಲ್ಲಿ ಬೆಂಗಳೂರಿನಲ್ಲಿ ಮಹಾರಾಜರ ಹೆಸರಿನಲ್ಲಿ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಶುರುವಾಯಿತು. ಕೆ.ಆರ್. ಸರ್ಕಲ್ ಹತ್ತಿರದ ಎಸ್‌ಜೆಪಿ ಪಾಲಿಟೆಕ್ನಿಕ್ ಅಂತ ಈಗ ಕರೆಯೋದು ಅದನ್ನೇ. ಗುರುದತ್ ಸಿನಿಮಾಗಳ ಛಾಯಾಗ್ರಾಹಕ ವಿ.ಕೆ. ಮೂರ್ತಿ ಕ್ಯಾಮೆರಾ ಕೆಲಸ ಕಲಿತದ್ದು ಅಲ್ಲೇ.

1955ರಲ್ಲಿ ಭಾರತರತ್ನ ಬಂತು. 1962ರ ಏಪ್ರಿಲ್‌ನಲ್ಲಿ, ನೂರು ದಾಟಿದ ವಯಸ್ಸಿನಲ್ಲಿ ತೀರಿಕೊಂಡರು. ಸಮಾಧಿ ಮುದ್ದೇನಹಳ್ಳಿಯಲ್ಲಿದೆ. ಬೆಂಗಳೂರು ಏರ್‌ಪೋರ್ಟಿನಿಂದ ನಂದಿಬೆಟ್ಟದ ಕಡೆ ಹೋದರೆ ದೂರವೇನಿಲ್ಲ, ರಜೆಗೆ ಹೋಗುವವರು ಒಂದು ಬೆಳಗ್ಗೆ ನೋಡಿ ಬರಬಹುದು.