ಊಟದ ಮೇಜಿನಲ್ಲೇ ವಿಷ ಪರೀಕ್ಷಿಸಿದ ರಸಾಯನಶಾಸ್ತ್ರಜ್ಞ: ಹಾರ್ವೆ ವೈಲಿ ಹೇಳಿದ್ದರಲ್ಲಿ ಎಷ್ಟು ಸರಿ, ಎಷ್ಟು ತಪ್ಪು?

ಪ್ಯಾಕೆಟ್ ಹಿಂದೆ 211 ಎಂದಿದ್ದರೆ ವಿಷ, 954 ಎಂದಿದ್ದರೆ ಕ್ಯಾನ್ಸರ್, ಕೂಡಲೇ ಎಲ್ಲರಿಗೂ ಕಳಿಸಿ ಎನ್ನುವ ಫಾರ್ವರ್ಡ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಅದರ ಕೆಳಗೇ ಇನ್ನೊಬ್ಬರು, ಸರ್ಕಾರವೇ ಒಪ್ಪಿದ ಮೇಲೆ ಭಯ ಯಾಕೆ ಎಂದು ಕೇಳಿರುತ್ತಾರೆ. ಈ ಜಗಳ ಹೊಸದಲ್ಲ. ನೂರಿಪ್ಪತ್ತು ವರ್ಷಗಳ ಹಿಂದೆ ಅಮೆರಿಕದಲ್ಲಿ ಇದೇ ಜಗಳ ನಡೆದಿತ್ತು. ಅದರ ನಡುವೆ ನಿಂತವರು ಹಾರ್ವೆ ವಾಷಿಂಗ್ಟನ್ ವೈಲಿ ಎಂಬ ಸರ್ಕಾರಿ ರಸಾಯನಶಾಸ್ತ್ರಜ್ಞ.

ವೈಲಿ ಹುಟ್ಟಿದ್ದು 1844ರ ಅಕ್ಟೋಬರ್ 18ರಂದು, ಇಂಡಿಯಾನಾ ರಾಜ್ಯದ ಕೆಂಟ್ ಎಂಬ ಹಳ್ಳಿಯ ಬಳಿ, ಒಂದು ರೈತ ಕುಟುಂಬದಲ್ಲಿ. ಅಂತರ್ಯುದ್ಧದ ಕಾಲದಲ್ಲಿ ಸ್ವಲ್ಪ ದಿನ ಸೈನಿಕರಾಗಿದ್ದರು. 1871ರಲ್ಲಿ ವೈದ್ಯ ಪದವಿ ಪಡೆದರೂ ಅವರ ಮನಸ್ಸೆಲ್ಲ ರಸಾಯನಶಾಸ್ತ್ರದ ಮೇಲೆ. 1874ರಲ್ಲಿ ಆಗಷ್ಟೇ ತೆರೆದ ಪರ್ಡ್ಯೂ ವಿಶ್ವವಿದ್ಯಾಲಯದ ಮೊದಲ ರಸಾಯನಶಾಸ್ತ್ರ ಪ್ರೊಫೆಸರ್ ಆದರು. ಹುಡುಗರ ಜೊತೆ ಬೇಸ್‌ಬಾಲ್ ಆಡುತ್ತಾರೆ, ಸೈಕಲ್ ಹೊಡೆಯುತ್ತಾರೆ, ಇದು ಪ್ರೊಫೆಸರಿಗೆ ಶೋಭೆಯೇ ಎಂದು ಆಡಳಿತ ಮಂಡಳಿ ಅವರನ್ನು ಕರೆದು ಬುದ್ಧಿ ಹೇಳಿತ್ತಂತೆ!

1878ರಲ್ಲಿ ಜರ್ಮನಿಗೆ ಹೋಗಿ ಸಕ್ಕರೆಯನ್ನು ಪರೀಕ್ಷಿಸುವ ವಿಧಾನ ಕಲಿತು ಬಂದರು. ಊರಿಗೆ ಮರಳಿದ ಮೇಲೆ ಅಂಗಡಿಯ ಜೇನುತುಪ್ಪ ಮತ್ತು ಸಿರಪ್‌ಗಳನ್ನು ಪರೀಕ್ಷಿಸಿದರೆ, ಅವುಗಳಲ್ಲಿ ಹಲವಕ್ಕೆ ಮೆಕ್ಕೆಜೋಳದಿಂದ ತಯಾರಿಸಿದ ಅಗ್ಗದ ಗ್ಲೂಕೋಸ್ ಸೇರಿತ್ತು. ಗ್ಲೂಕೋಸ್ ವಿಷವಲ್ಲ, ಆದರೆ ಜೇನೆಂದು ಹೇಳಿ ಅದನ್ನು ಮಾರುವುದು ಮೋಸ. ವೈಲಿಯವರ ಮುಂದಿನ ಐವತ್ತು ವರ್ಷಗಳ ಹೋರಾಟದ ಬೇರು ಇಲ್ಲಿದೆ ಎಂದು ನಮಗನ್ನಿಸುತ್ತದೆ.

1883ರಲ್ಲಿ ಅವರು ಅಮೆರಿಕದ ಕೃಷಿ ಇಲಾಖೆಯ ಮುಖ್ಯ ರಸಾಯನಶಾಸ್ತ್ರಜ್ಞರಾಗಿ ವಾಷಿಂಗ್ಟನ್‌ಗೆ ಬಂದರು. ಆಗ ಪಟ್ಟಣಗಳು ಬೆಳೆಯುತ್ತಿದ್ದವು. ಹಾಲು, ಮಾಂಸ, ಬೆಣ್ಣೆ ದೂರದಿಂದ ಬರಬೇಕಿತ್ತು, ಮನೆಗಳಲ್ಲಿ ಫ್ರಿಜ್ ಇರಲಿಲ್ಲ. ಕೆಡುವುದನ್ನು ತಡೆಯಲು, ಕೆಟ್ಟದ್ದನ್ನು ಮುಚ್ಚಿಡಲು ವ್ಯಾಪಾರಿಗಳು ಕೈಗೆ ಸಿಕ್ಕಿದ್ದನ್ನು ಬೆರೆಸುತ್ತಿದ್ದರು. ಹಾಲಿಗೆ ಹಾಕುತ್ತಿದ್ದದ್ದು ಫಾರ್ಮಾಲಿನ್, ಅಂದರೆ ಹೆಣ ಕೆಡದಂತೆ ಇಡಲು ಬಳಸುವ ದ್ರವ. ಅದೇ ಹಾಲನ್ನು ಹಸುಗೂಸುಗಳೂ ಕುಡಿಯುತ್ತಿದ್ದವು. ಮಾಂಸ ಮತ್ತು ಬೆಣ್ಣೆಗೆ ಬೊರಾಕ್ಸ್, ನಮ್ಮ ಅಕ್ಕಸಾಲಿಗರು ಬೆಸುಗೆಗೆ ಬಳಸುವ ಬಿಳಿಗಾರ. ಡಬ್ಬಿಯ ಬಟಾಣಿ ಹಸಿರಾಗಿ ಕಾಣಲೆಂದು ಮೈಲುತುತ್ತ, ಮಲೆನಾಡಿನವರು ಅಡಿಕೆಗೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ಹಾಕುತ್ತಾರಲ್ಲ, ಅದೇ. ಇದನ್ನೆಲ್ಲ ತಡೆಯುವ ಕಾನೂನು ಇಡೀ ದೇಶಕ್ಕೆ ಅನ್ವಯವಾಗುವಂತೆ ಇರಲಿಲ್ಲ. 1887ರಿಂದ ವೈಲಿಯವರ ಇಲಾಖೆ ಕಲಬೆರಕೆಯ ಬಗ್ಗೆ ವರದಿಯ ಮೇಲೆ ವರದಿ ಪ್ರಕಟಿಸಿತು. ಸಂಸತ್ತಿಗೆ ಹೋದ ಮಸೂದೆಗಳು ಮಾತ್ರ ಒಂದೊಂದಾಗಿ ಬಿದ್ದುಹೋದವು.

ಇಷ್ಟು ಕಡಿಮೆ ಪ್ರಮಾಣದಿಂದ ಯಾರಿಗೆ ಏನಾಗಿದೆ ಎಂಬುದು ಕಂಪನಿಗಳ ವಾದ. ಉತ್ತರ ಯಾರ ಬಳಿಯೂ ಇರಲಿಲ್ಲ. 1902ರಲ್ಲಿ ಸಂಸತ್ತು 5,000 ಡಾಲರ್ ಮಂಜೂರು ಮಾಡಿತು. ವೈಲಿ ತಮ್ಮ ಕಚೇರಿಯ ನೆಲಮಾಳಿಗೆಯಲ್ಲಿ ಅಡುಗೆಮನೆ, ಊಟದ ಕೋಣೆ ಸಿದ್ಧಪಡಿಸಿ ಆರೋಗ್ಯವಂತ ಯುವಕರನ್ನು ಕರೆದರು. ಸ್ವಇಚ್ಛೆಯಿಂದ ಬಂದ ಹನ್ನೆರಡು ಮಂದಿಗೆ ಮೂರು ಹೊತ್ತು ಪುಕ್ಕಟೆ ಊಟ, ಅದಕ್ಕೆ ಸಂಬಳವಿಲ್ಲ. ಅಲ್ಲಿ ಕೊಟ್ಟಿದ್ದನ್ನು ಬಿಟ್ಟು ಹೊರಗೆ ಬೇರೇನೂ ತಿನ್ನುವಂತಿಲ್ಲ. ದಿನಾ ತೂಕ, ನಾಡಿ, ಜ್ವರ ನೋಡಿಸಿಕೊಳ್ಳಬೇಕು, ಮಲಮೂತ್ರವನ್ನೂ ಸಂಗ್ರಹಿಸಿ ತಂದುಕೊಡಬೇಕು.

ಮೊದಲ ಸರದಿ ಬೊರಾಕ್ಸ್‌ನದು. ಅದನ್ನು ಬೆಣ್ಣೆಯಲ್ಲಿ ಅಡಗಿಸಿಟ್ಟರು. ಹುಡುಗರಿಗೆ ಗುಟ್ಟು ಗೊತ್ತಾಗಿ ಬೆಣ್ಣೆಯನ್ನು ಬಿಟ್ಟರು. ಬೇರೆ ಪದಾರ್ಥಕ್ಕೆ ಬದಲಾಯಿಸಿದರೆ ಅದೂ ತಟ್ಟೆಯಲ್ಲೇ ಉಳಿಯಿತು. ಕೊನೆಗೆ ಮುಚ್ಚುಮರೆ ಬೇಡವೆಂದು ಕ್ಯಾಪ್ಸೂಲ್‌ನಲ್ಲಿ ತುಂಬಿಸಿ ನೇರವಾಗಿ ನುಂಗಿಸಿದರು. ಪ್ರಮಾಣ ಹೆಚ್ಚಿದಂತೆ ತಲೆನೋವು, ಹೊಟ್ಟೆನೋವು ಶುರುವಾಯಿತು, ಹಸಿವು ಸತ್ತಿತು. ಮುಂದಿನ ವರ್ಷಗಳಲ್ಲಿ ಸ್ಯಾಲಿಸಿಲಿಕ್ ಆಮ್ಲ, ಸಲ್ಫೈಟ್, ಬೆಂಜೋಯೇಟ್, ಫಾರ್ಮಾಲ್ಡಿಹೈಡ್‌ಗಳ ಪರೀಕ್ಷೆಯೂ ನಡೆಯಿತು. ಪತ್ರಿಕೆಗಳು ಈ ತಂಡಕ್ಕೆ ವಿಷದ ಪಡೆ ಎಂದು ಹೆಸರಿಟ್ಟವು. ಮೊದಲು ಸಿಡುಕಿದ ವೈಲಿ, ಈ ಪ್ರಚಾರದಿಂದ ಜನ ಎಚ್ಚರಗೊಳ್ಳುತ್ತಿರುವುದನ್ನು ಕಂಡು ಸುಮ್ಮನಾದರು.

ಇಂದಿನ ಕಣ್ಣಿಂದ ನೋಡಿದರೆ ಆ ಪ್ರಯೋಗದಲ್ಲಿ ದೊಡ್ಡ ಲೋಪಗಳಿವೆ. ರಾಸಾಯನಿಕ ಇಲ್ಲದ ಊಟ ಮಾಡುವ, ಹೋಲಿಕೆಗೆಂದೇ ಇಟ್ಟ ಇನ್ನೊಂದು ಗುಂಪು ಇರಲಿಲ್ಲ. ತಾವು ನುಂಗುತ್ತಿರುವುದು ಏನೆಂದು ಹುಡುಗರಿಗೆ ತಿಳಿದಿತ್ತು. ವಿಷ ಎಂದು ಗೊತ್ತಿದ್ದು ನುಂಗಿದರೆ ಅರ್ಧ ಹೊಟ್ಟೆನೋವು ಮನಸ್ಸಿನಿಂದಲೇ ಬರಬಹುದಲ್ಲವೇ? ಹನ್ನೆರಡು ಯುವಕರನ್ನು ನೋಡಿ ಕೂಸುಗಳ, ಮುದುಕರ ಬಗ್ಗೆ ತೀರ್ಪು ಹೇಳುವುದೂ ಕಷ್ಟ.

ಆದರೂ ಪರಿಣಾಮವಾಯಿತು. ಮಹಿಳಾ ಸಂಘಟನೆಗಳು ವೈಲಿಯವರ ಬೆನ್ನಿಗೆ ನಿಂತವು. 1906ರಲ್ಲಿ ಷಿಕಾಗೋದ ಕಸಾಯಿಖಾನೆಗಳ ಕೊಳಕನ್ನು ತೆರೆದಿಟ್ಟ ಅಪ್ಟನ್ ಸಿಂಕ್ಲೇರ್ ಅವರ ಕಾದಂಬರಿ ಬಂದು ಜನ ಕೆರಳಿದರು. ಅದೇ ಜೂನ್ 30ರಂದು ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಶುದ್ಧ ಆಹಾರ ಮತ್ತು ಔಷಧ ಕಾಯ್ದೆಗೆ ಸಹಿ ಹಾಕಿದರು.

ಅದೇ ರೂಸ್‌ವೆಲ್ಟ್ ಎರಡೇ ವರ್ಷದಲ್ಲಿ ವೈಲಿ ಮೇಲೆ ಮುನಿಸಿಕೊಂಡರು. ಒಂದು ಸಭೆಯಲ್ಲಿ ಸ್ಯಾಕರಿನ್ ಆರೋಗ್ಯಕ್ಕೆ ಕೆಟ್ಟದ್ದೆಂದು ವೈಲಿ ಹೇಳಿಬಿಟ್ಟರು. ವೈದ್ಯರ ಸಲಹೆಯಂತೆ ರೂಸ್‌ವೆಲ್ಟ್ ದಿನಾ ತಿನ್ನುತ್ತಿದ್ದದ್ದೇ ಸ್ಯಾಕರಿನ್! ವೈಲಿಯವರ ತೀರ್ಪುಗಳನ್ನು ಪರಿಶೀಲಿಸಲು ಅಧ್ಯಕ್ಷರು ಒಂದು ತಜ್ಞರ ಮಂಡಳಿ ನೇಮಿಸಿದರು. ಅದರ ಮುಖ್ಯಸ್ಥ ಐರಾ ರೆಮ್ಸೆನ್, ಅಂದರೆ ಸ್ಯಾಕರಿನ್ ಮೊದಲು ಪತ್ತೆಯಾದ ಪ್ರಯೋಗಾಲಯದ ಯಜಮಾನ. ಸಣ್ಣ ಪ್ರಮಾಣದ ಸೋಡಿಯಂ ಬೆಂಜೋಯೇಟ್‌ನಿಂದ ಹಾನಿಯಿಲ್ಲ ಎಂದು ಆ ಮಂಡಳಿ ಹೇಳಿತು. ಕೋಕಾ-ಕೋಲಾದ ಕೆಫೀನ್ ವಿರುದ್ಧ 1911ರಲ್ಲಿ ನಡೆದ ಮೊಕದ್ದಮೆಯಲ್ಲೂ ಸರ್ಕಾರಕ್ಕೆ ಮೊದಲು ಸೋಲಾಯಿತು. ಮುಂದೆ ಪ್ರಕರಣ ಸುಪ್ರೀಂ ಕೋರ್ಟ್‌ಗೆ ಹೋಗಿ, ಕೊನೆಗೆ ಕಂಪನಿ ಕೆಫೀನ್ ಇಳಿಸಿ ರಾಜಿಯಾಯಿತು. ಅಷ್ಟರಲ್ಲಿ, 1912ರಲ್ಲೇ, ವೈಲಿ ರಾಜೀನಾಮೆ ಕೊಟ್ಟಾಗಿತ್ತು. ಆಮೇಲೆ ಗುಡ್ ಹೌಸ್‌ಕೀಪಿಂಗ್ ಪತ್ರಿಕೆಯ ಪ್ರಯೋಗಾಲಯದಲ್ಲಿ ಕೂತು ಗೃಹಿಣಿಯರಿಗಾಗಿ ಆಹಾರ ಪರೀಕ್ಷಿಸಿ ಬರೆದರು. ತೀರಿಕೊಂಡದ್ದು 1930ರ ಜೂನ್ 30ರಂದು, ಕಾಯ್ದೆಗೆ ಸಹಿ ಬಿದ್ದ ದಿನವೇ.

ಹಾಗಾದರೆ ಗೆದ್ದವರು ಯಾರು? ಬೊರಾಕ್ಸ್ ಮತ್ತು ಫಾರ್ಮಾಲಿನ್ ಬಗ್ಗೆ ವೈಲಿ ಹೇಳಿದ್ದು ಸರಿ. ಬೊರಾಕ್ಸ್ ಇಂದು ಅಮೆರಿಕದಲ್ಲೂ ಭಾರತದಲ್ಲೂ ಆಹಾರಕ್ಕೆ ಹಾಕುವಂತಿಲ್ಲ, ಹಾಲಿಗೆ ಫಾರ್ಮಾಲಿನ್ ಬೆರೆಸುವುದು ಅಪರಾಧ. ಸ್ಯಾಕರಿನ್ ಬಗ್ಗೆ ಅವರ ಭಯ ನಿಲ್ಲಲಿಲ್ಲ. 1970ರ ದಶಕದಲ್ಲಿ ಅದರಿಂದ ಇಲಿಗಳಿಗೆ ಮೂತ್ರಕೋಶದ ಕ್ಯಾನ್ಸರ್ ಬಂದಿತ್ತು, ಅಮೆರಿಕದಲ್ಲಿ ಲೇಬಲ್ ಮೇಲೆ ಎಚ್ಚರಿಕೆಯನ್ನೂ ಹಾಕಿಸಿದರು. ಇಲಿಯ ದೇಹದಲ್ಲಿ ಆಗುವುದು ಮನುಷ್ಯನಿಗೆ ಅನ್ವಯಿಸದು ಎಂದು ತಿಳಿದ ಮೇಲೆ 2000ದಲ್ಲಿ ಆ ಎಚ್ಚರಿಕೆ ಹೋಯಿತು. ಫಾರ್ವರ್ಡ್‌ನ 954 ಇದೇ ಸ್ಯಾಕರಿನ್. 211 ಎಂದರೆ ಸೋಡಿಯಂ ಬೆಂಜೋಯೇಟ್. ಸಾಸ್, ಸ್ಕ್ವಾಷ್ ಬಾಟಲಿಗಳಲ್ಲಿ ಕಾಣುವ ಇದಕ್ಕೆ ನಿಗದಿತ ಮಿತಿಯೊಳಗೆ ಅನುಮತಿಯಿದೆ. ವಿಟಮಿನ್ ಸಿ ಇರುವ ಪಾನೀಯದಲ್ಲಿ ಬಿಸಿ, ಬಿಸಿಲು ತಗುಲಿದರೆ ಇದರಿಂದ ತೀರಾ ಅಲ್ಪ ಪ್ರಮಾಣದ ಬೆಂಜೀನ್ ಉಂಟಾಗಬಹುದು. ಅಂಥ ಬಾಟಲಿಯನ್ನು ಕಾದ ಕಾರಿನಲ್ಲಿ ಇಡದಿರುವುದು ಒಳ್ಳೆಯದು. ಸಕ್ಕರೆ, ಉಪ್ಪಿನ ಸಾಲನ್ನು ಅದೇ ಲೇಬಲ್‌ನಲ್ಲಿ ಓದಿದರೆ ಇನ್ನೂ ಹೆಚ್ಚು ಉಪಯೋಗ.

ನಂಬರ್ ಇದೆ ಎಂದರೆ ಅದು ಏನೆಂದು ಹುಡುಕಿ ನೋಡಬಹುದು. ಲೇಬಲ್ಲೇ ಇಲ್ಲದ ಕಡೆ ಆ ದಾರಿಯೂ ಇಲ್ಲ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿ, ಬಾಂಬೆ ಮಿಠಾಯಿಗಳಲ್ಲಿ ರೋಡಮಿನ್-ಬಿ ಬಳಕೆಯನ್ನು ನಿಷೇಧಿಸಿತು. ಅದು ಬಟ್ಟೆಗೆ ಹಾಕುವ ಬಣ್ಣ, ಪ್ಯಾಕೆಟ್ ಹಿಂದಿನ ಯಾವ ನಂಬರ್ ಪಟ್ಟಿಯಲ್ಲೂ ಸಿಗುವಂಥದ್ದಲ್ಲ.