ಲೋಳೆಮೀನಿನ ಬೆನ್ನು ಹತ್ತಿದ ನಾನ್ಸೆನ್

ಮಕ್ಕಳೇ, ಬೆಂಡೆಕಾಯಿ ಹೆಚ್ಚುವಾಗ ಕೈಗೆ ಲೋಳೆ ಅಂಟುವುದನ್ನು ನೋಡಿದ್ದೀರಲ್ಲವೆ? ಯಾರಾದರೂ ಹಿಡಿದರೆ ಸಾಕು, ಬಕೆಟ್ ನೀರನ್ನೆಲ್ಲ ಅಂಥ ಲೋಳೆಯಾಗಿಸುವ ಮೀನೊಂದು ಅಟ್ಲಾಂಟಿಕ್ ಸಾಗರದ ತಳದ ಕೆಸರಿನಲ್ಲಿದೆ. ಅದರ ಹೆಸರು ಹ್ಯಾಗ್‌ಫಿಶ್. ಅದಕ್ಕೆ ದವಡೆಯಿಲ್ಲ, ಮೈಮೇಲೆ ಹುರುಪೆಯೂ ಇಲ್ಲ. ಲೋಳೆ ತನಗೇ ಹೆಚ್ಚಾದರೆ ಮೈಯನ್ನು ಗಂಟು ಹಾಕಿಕೊಂಡು, ಆ ಗಂಟನ್ನು ಬಾಲದಿಂದ ತಲೆಯ ಕಡೆಗೆ ಜಾರಿಸಿ ಒರೆಸಿಕೊಳ್ಳುತ್ತದೆ! 1758ರಲ್ಲಿ ಲಿನೇಯಸ್ ಎಂಬ ದೊಡ್ಡ ವಿಜ್ಞಾನಿಯೇ ಇದನ್ನು ಹುಳುಗಳ ಗುಂಪಿಗೆ ಸೇರಿಸಿದ್ದರು.

ಈ ಮೀನಿನ ಬೆನ್ನು ಹತ್ತಿದವರಲ್ಲಿ ಒಬ್ಬರು ಫ್ರಿಟ್ಯೋಫ್ ನಾನ್ಸೆನ್. ಅವರು ಹುಟ್ಟಿದ್ದು 1861ರಲ್ಲಿ, ನಾರ್ವೆ ದೇಶದಲ್ಲಿ. ಬಾಲ್ಯದಿಂದಲೂ ಹಿಮದ ಮೇಲೆ ಜಾರುವ ಆಟದಲ್ಲಿ ಗಟ್ಟಿಗ. 1882ರಲ್ಲಿ ಬರ್ಗೆನ್ ಊರಿನ ವಸ್ತುಸಂಗ್ರಹಾಲಯದಲ್ಲಿ ಕೆಲಸಕ್ಕೆ ಸೇರಿದರು. ಹೊರಗೆ ಓಡಾಡುವ ಆಸೆಯ ಯುವಕ ಅಲ್ಲಿ ಸೂಕ್ಷ್ಮದರ್ಶಕದ ಮುಂದೆ ಕುಳಿತು, ಹ್ಯಾಗ್‌ಫಿಶ್‌ನ ಮೈಯನ್ನು ತೆಳುವಾದ ಪದರಗಳಾಗಿ ಕತ್ತರಿಸಿ ನೋಡತೊಡಗಿದರು. ನರದ ಎಳೆಯೊಂದು ಮೆದುಳುಬಳ್ಳಿಯನ್ನು ಹೊಕ್ಕೊಡನೆ ಎರಡಾಗಿ ಕವಲೊಡೆಯುವುದು ಅವರ ಕಣ್ಣಿಗೆ ಬಿತ್ತು. ನರಗಳ ಅಧ್ಯಯನದಲ್ಲಿ ಇದು ಮಹತ್ವದ ಶೋಧ.

ಇನ್ನೊಂದು ಸಂಗತಿ ಅವರನ್ನು ಕಾಡಿತು. ಸಿಕ್ಕ ದೊಡ್ಡ ಮೀನುಗಳಲ್ಲಿ ಬಹುಪಾಲು ಹೆಣ್ಣು. ಹಾಗಾದರೆ ಗಂಡುಗಳೆಲ್ಲಿ? ಚಿಕ್ಕ ಮೀನುಗಳನ್ನು ಪರೀಕ್ಷಿಸಿದ ನಾನ್ಸೆನ್, ಈ ಮೀನು ಮೊದಲು ಗಂಡಾಗಿದ್ದು ಬೆಳೆದ ಮೇಲೆ ಹೆಣ್ಣಾಗುತ್ತದೆ ಎಂದು ತೀರ್ಮಾನಿಸಿದರು. ಓದಿದವರು ಬೆರಗಾದರು. ಆದರೆ ಅದು ತಪ್ಪಾಗಿತ್ತು. ಒಂದೇ ಮೀನಿನಲ್ಲಿ ಎರಡೂ ಅಂಗಗಳ ಕುರುಹು ಇರಬಹುದು, ಬೆಳೆಯುವುದು ಸಾಮಾನ್ಯವಾಗಿ ಒಂದು ಮಾತ್ರ ಎಂದು ಮುಂದೆ ಬಂದವರು ಕಂಡುಕೊಂಡರು.

1888ರಲ್ಲಿ ನರಗಳ ಅಧ್ಯಯನಕ್ಕಾಗಿ ಡಾಕ್ಟರೇಟ್ ಪಡೆದ ಕೆಲವೇ ದಿನಗಳಲ್ಲಿ ನಾನ್ಸೆನ್ ಹೊರಟೇಬಿಟ್ಟರು. ಐವರು ಸಂಗಡಿಗರೊಡನೆ ಗ್ರೀನ್‌ಲ್ಯಾಂಡಿನ ಹಿಮರಾಶಿಯನ್ನು ದಾಟಿದರು. ಮುಂದೆ ‘ಫ್ರಾಮ್’ ಹಡಗಿನಲ್ಲಿ ಉತ್ತರ ಧ್ರುವದತ್ತ ಸಾಗಿದರು. ಮೊದಲ ಮಹಾಯುದ್ಧದ ನಂತರ ಯುದ್ಧಕೈದಿಗಳಿಗೂ ನಿರಾಶ್ರಿತರಿಗೂ ನೆರವಾದದ್ದಕ್ಕೆ 1922ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು. 1930ರಲ್ಲಿ ತೀರಿಕೊಂಡರು. ಇಷ್ಟೆಲ್ಲ ಸಾಹಸಗಳ ನಡುವೆ ಲೋಳೆಮೀನಿನ ಕಥೆ ಮರೆತುಹೋದದ್ದು ಸಹಜವೇ.

ಅಂದ ಹಾಗೆ, ನಾನ್ಸೆನ್ ಪುಟ್ಟ ಮಗುವಾಗಿದ್ದಾಗಲೇ, 1864ರಲ್ಲಿ, ಈ ಮೀನು ಹೇಗೆ ಮರಿ ಮಾಡುತ್ತದೆಂದು ತಿಳಿಸಿದವರಿಗೆ ಡೆನ್ಮಾರ್ಕಿನ ವಿಜ್ಞಾನ ಅಕಾಡೆಮಿ ಬಹುಮಾನ ಸಾರಿತ್ತು. ಆ ಬಹುಮಾನವನ್ನು ಯಾರೂ ಗೆಲ್ಲಲಿಲ್ಲ.